ಕೆಟಿಎಂ 390 ಎಂಜಿನ್ ಟ್ಯೂನಿಂಗ್‌ಗೆ ಕೈಗೆಟುಕುವ ಬೆಲೆಯ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಯಾವುದು?

ಪ್ರಶ್ನೆ: ರೆಸ್ಟ್ರಿಕ್ಟರ್20

ಎಲ್ಲರಿಗೂ ನಮಸ್ಕಾರ. ನಾವು ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗಾಗಿ ಒಂದೇ ಸೀಟಿನ ರೇಸ್ ಕಾರನ್ನು ಕಟ್ಟುತ್ತಿದ್ದೇವೆ. ಎಂಜಿನ್ ಹಳೆಯ ಕೆಟಿಎಂ 390 ಡ್ಯೂಕ್‌ನದು, ಅಂದರೆ 89 ಮಿ.ಮೀ. ಬೋರ್ ಮತ್ತು 60 ಮಿ.ಮೀ. ಸ್ಟ್ರೋಕ್ ಇರುವ 373 ಸಿಸಿಯ ಒಂಟಿ ಸಿಲಿಂಡರ್. ಎಂಜಿನ್ ಎಳೆದುಕೊಳ್ಳುವ ಗಾಳಿಯೆಲ್ಲವೂ 20 ಮಿ.ಮೀ. ವ್ಯಾಸದ ರೆಸ್ಟ್ರಿಕ್ಟರ್ ಮೂಲಕವೇ ಹಾದು ಹೋಗಬೇಕೆಂಬುದು ನಿಯಮವಾದ್ದರಿಂದ ಬೈಕಿನ ಜೊತೆ ಬಂದ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮತ್ತು ಅದರ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಕೊಡಬೇಕೆಂಬ ಕೋಷ್ಟಕ) ನಮ್ಮ ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲು ಸ್ಪೀಡುಯಿನೊ ಎಂಬ ಇಸಿಯು ಬೋರ್ಡ್ ಕೂರಿಸಿ, ಟ್ಯೂನರ್‌ಸ್ಟುಡಿಯೊ ತಂತ್ರಾಂಶದಲ್ಲಿ ಮ್ಯಾಪ್ ಸಿದ್ಧಪಡಿಸುತ್ತಿದ್ದೇವೆ. ಎಂಜಿನ್ ಸ್ಟಾರ್ಟ್ ಆಗುತ್ತಿದೆ, ಐಡಲ್‌ನಲ್ಲಿಯೂ ನಿಲ್ಲುತ್ತಿದೆ. ಆದರೆ ಲೋಡ್ ಬಿದ್ದಾಗ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗಿದೆಯೋ ಲೀನ್ (ಗಾಳಿ ಹೆಚ್ಚು) ಆಗಿದೆಯೋ ಎಂಬುದನ್ನು ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಊಹಿಸುವುದನ್ನು ಬಿಟ್ಟರೆ ಸದ್ಯಕ್ಕೆ ನಮಗೆ ಬೇರೆ ದಾರಿಯಿಲ್ಲ.

ಮಿಶ್ರಣ ಎಷ್ಟು ರಿಚ್, ಎಷ್ಟು ಲೀನ್ ಎಂಬುದನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು ಎಂಬ ವಿಷಯದಲ್ಲಿ ತಂಡದಲ್ಲಿ ಒಮ್ಮತವಿದೆ. ಯಾವುದನ್ನು ಕೊಳ್ಳಬೇಕು ಎಂಬಲ್ಲಿ ಮಾತ್ರ ನಾಲ್ಕು ಪಂಗಡಗಳಾಗಿವೆ. ಎಇಎಂ ಅಥವಾ ಇನ್ನೊವೇಟ್ ಕಂಪನಿಯ ಮೀಟರ್ ಸಹಿತ ಕಿಟ್ ತರಿಸಿದರೆ ತಲೆನೋವು ತಪ್ಪುತ್ತದೆ ಎಂದು ಒಬ್ಬರು ಹೇಳುತ್ತಾರೆ. ಆದರೆ ಅದರ ಮೂಲಬೆಲೆಯೇ ಇನ್ನೂರು ಡಾಲರ್ ಆಸುಪಾಸಿನಲ್ಲಿದ್ದು, ಸಾಗಣೆ ಮತ್ತು ಸುಂಕ ಸೇರಿದರೆ ನಮ್ಮ ಎಲೆಕ್ಟ್ರಿಕಲ್ ಬಜೆಟ್ಟಿನ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ. ಮೀಟರ್ ಇಲ್ಲದ ಸ್ಪಾರ್ಟನ್‌ನಂಥ ಕಂಟ್ರೋಲರ್ (ಸೆನ್ಸರನ್ನು ನಡೆಸಿ ಅದರ ಓದನ್ನು ಇಸಿಯುಗೆ ಕೊಡುವ ಪೆಟ್ಟಿಗೆ) ಸಾಕು ಎಂಬುದು ಎರಡನೆಯವರ ವಾದ. ಆನ್‌ಲೈನ್‌ನಲ್ಲಿ ಅದರ ಕಾಲುಭಾಗದ ಬೆಲೆಗೆ ಸಿಗುವ, ತಯಾರಕರ ಹೆಸರೇ ಇಲ್ಲದ ಎಲ್‌ಇಡಿ ಮೀಟರ್ ಮೂರನೆಯವರ ಆಯ್ಕೆ. ಗುಜರಿಯಲ್ಲಿ ಅಪಘಾತವಾದ ಕಾರುಗಳಿಂದ ಬಿಚ್ಚಿದ ಬಾಷ್ ಸೆನ್ಸರ್ ತಂದು, ಕಂಟ್ರೋಲರನ್ನು ನಾವೇ ಕಟ್ಟಿಕೊಳ್ಳೋಣ ಎನ್ನುವವರೂ ಇದ್ದಾರೆ.

ವೈಡ್‌ಬ್ಯಾಂಡ್ ಸೆನ್ಸರಿನ ಮಾದರಿಗಳಾದ ಬಾಷ್ ಎಲ್‌ಎಸ್‌ಯು 4.2 ಮತ್ತು 4.9ರ ನಡುವೆ ನಿಜವಾದ ವ್ಯತ್ಯಾಸವೇನು, ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ. ಬಂಕುಗಳಲ್ಲಿ ಈಗ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ಸಿಗುತ್ತಿರುವುದರಿಂದ ಗಾಳಿ-ಪೆಟ್ರೋಲ್ ಅನುಪಾತದ 14.7ರ ಲೆಕ್ಕವನ್ನು ಬದಲಿಸಬೇಕೇ ಎಂಬುದೂ ನಮಗೆ ಸ್ಪಷ್ಟವಾಗಿಲ್ಲ.

ಉತ್ತರ: ಹಳೇಗ್ಯಾರೇಜು

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಮೀಟರಿನಲ್ಲಿ ಉಳಿಸಿರಿ, ಪೆಟ್ಟಿಗೆಯ ಅಂದದಲ್ಲಿ ಉಳಿಸಿರಿ, ಬೇಕಿದ್ದರೆ ಕಂಟ್ರೋಲರಿನಲ್ಲಿಯೂ ಸ್ವಲ್ಪ ಉಳಿಸಿರಿ. ಸೆನ್ಸರಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ.

ಬೈಕಿನಲ್ಲಿ ಮೊದಲಿಂದ ಇರುವ ನ್ಯಾರೋಬ್ಯಾಂಡ್ ಸೆನ್ಸರ್ ಜಿರ್ಕೋನಿಯಾದ ಒಂದು ಕೋಶ (ನರ್ನ್‌ಸ್ಟ್ ಕೋಶ) ಮಾತ್ರ. ಮಿಶ್ರಣ ರಿಚ್ ಇದ್ದಾಗ ಅದು 0.9 ವೋಲ್ಟ್‌ನ ಆಸುಪಾಸು, ಲೀನ್ ಇದ್ದಾಗ 0.1 ವೋಲ್ಟ್‌ನ ಆಸುಪಾಸು ತೋರಿಸುತ್ತದೆ, ಲ್ಯಾಂಬ್ಡಾ 1ರ (ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ; ಅದಕ್ಕಿಂತ ಕಡಿಮೆ ಅಂಕಿ ರಿಚ್, ಹೆಚ್ಚು ಅಂಕಿ ಲೀನ್) ಬಳಿ ಒಮ್ಮೆಲೇ ಒಂದು ಬದಿಯಿಂದ ಇನ್ನೊಂದು ಬದಿಗೆ ಜಿಗಿಯುತ್ತದೆ. ಹೀಗಾಗಿ ರಿಚ್ ಇದೆ ಎಂಬುದು ಗೊತ್ತಾಗುತ್ತದೆಯೇ ಹೊರತು ಎಷ್ಟು ರಿಚ್ ಎಂಬುದು ಗೊತ್ತಾಗುವುದಿಲ್ಲ. ಪೂರ್ಣ ಥ್ರಾಟಲ್‌ನಲ್ಲಿ ನಮಗೆ ಬೇಕಿರುವುದು ಆ ಎರಡನೆಯ ಮಾಹಿತಿಯೇ. ವೈಡ್‌ಬ್ಯಾಂಡಿನಲ್ಲಿ ಅದೇ ನರ್ನ್‌ಸ್ಟ್ ಕೋಶದ ಜೊತೆಗೆ ಆಕ್ಸಿಜನ್ನನ್ನು ಒಳಕ್ಕೂ ಹೊರಕ್ಕೂ ತಳ್ಳಬಲ್ಲ ಒಂದು ಪಂಪ್ ಕೋಶವಿರುತ್ತದೆ. ಎರಡರ ನಡುವಿನ ಸೂಕ್ಷ್ಮ ಕೋಣೆಯಲ್ಲಿ ನರ್ನ್‌ಸ್ಟ್ ವೋಲ್ಟೇಜ್ ಸದಾ 0.45ರಲ್ಲಿಯೇ ಇರುವಂತೆ ಕಂಟ್ರೋಲರ್ ಪಂಪಿಗೆ ಕರೆಂಟ್ ಕೊಡುತ್ತಿರುತ್ತದೆ, ಆ ಕರೆಂಟ್ ಎಷ್ಟು ಮತ್ತು ಯಾವ ದಿಕ್ಕಿಗೆ ಎಂಬುದರಿಂದ ಲ್ಯಾಂಬ್ಡಾವನ್ನು ಲೆಕ್ಕ ಹಾಕುತ್ತದೆ. ಈ ಕರೆಂಟ್ ಎಷ್ಟು ಚಿಕ್ಕದೆಂದರೆ, ಎಲ್‌ಎಸ್‌ಯು 4.9 ಸೆನ್ಸರನ್ನು ತೆರೆದ ಗಾಳಿಯಲ್ಲಿ ಹಿಡಿದರೂ ಅದು ಸುಮಾರು 2.5 ಮಿಲಿಆಂಪಿಯರ್ ಮಾತ್ರ. ಇಷ್ಟು ಸಣ್ಣ ಅಳತೆಯಲ್ಲಿ ಸೆನ್ಸರಿನ ತಯಾರಿಕೆಯ ಚಿಕ್ಕ ಏರುಪೇರೂ ಲೆಕ್ಕಕ್ಕೆ ಬರುತ್ತದೆ.

ಆ ಏರುಪೇರನ್ನು ಸರಿದೂಗಿಸುವುದಕ್ಕೆ ಬಾಷ್ ಮಾಡಿರುವ ಏರ್ಪಾಡನ್ನು ಗಮನಿಸಿರಿ. ಸೆನ್ಸರಿನಿಂದ ಕೆಂಪು, ಹಳದಿ, ಬಿಳಿ, ಬೂದು, ಕಪ್ಪು ಎಂದು ಐದು ವೈರುಗಳು ಹೊರಡುತ್ತವೆ, ಆದರೆ ಕನೆಕ್ಟರಿನಲ್ಲಿ ಆರು ಪಿನ್‌ಗಳಿರುತ್ತವೆ. ಆರನೆಯದಕ್ಕೆ ಸೆನ್ಸರಿನಿಂದ ವೈರೇ ಬರುವುದಿಲ್ಲ. ಅದು ಕನೆಕ್ಟರಿನ ಒಳಗೆ ಕೂತಿರುವ ಪುಟ್ಟ ಟ್ರಿಮ್ ರೆಸಿಸ್ಟರಿಗೆ ಸೇರುತ್ತದೆ. ಕಾರ್ಖಾನೆಯಲ್ಲಿ ಪ್ರತಿಯೊಂದು ಸೆನ್ಸರನ್ನು ಅಳೆದು, ಅದಕ್ಕೆ ಹೊಂದುವಂತೆ ಆ ರೆಸಿಸ್ಟರನ್ನು ಲೇಸರಿನಿಂದ ಕೊರೆದು ಸರಿಪಡಿಸಿರುತ್ತಾರೆ. ಗುಜರಿ ಅಂಗಡಿಯಲ್ಲಿ ಸೆನ್ಸರ್ ಬಿಚ್ಚುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೇ ವೈರುಗಳನ್ನು ಕತ್ತರಿಸುವುದು. ಕನೆಕ್ಟರ್ ಅಲ್ಲಿಯೇ ಉಳಿದರೆ ಸೆನ್ಸರಿನ ಕ್ಯಾಲಿಬ್ರೇಷನ್ ಕೂಡ ಅಲ್ಲಿಯೇ ಉಳಿಯಿತು ಎಂದೇ ಅರ್ಥ. ಬೇರೆ ಸೆನ್ಸರಿನ ಕನೆಕ್ಟರ್ ತಂದು ಜೋಡಿಸಿದರೆ ಮೀಟರಿನಲ್ಲಿ ಅಂಕಿಯೇನೋ ಮೂಡುತ್ತದೆ, ಆದರೆ ಅದು ನಿಮ್ಮ ಸೆನ್ಸರಿನ ಅಂಕಿಯಲ್ಲ. ಕನೆಕ್ಟರ್ ಸಮೇತ ಸಿಕ್ಕಿದರೂ ಆ ಕಾರು ಎಷ್ಟು ಆಯಿಲ್ ಸುಡುತ್ತಿತ್ತು, ಕೂಲಂಟ್ ಸೋರಿ ಸಿಲಿಂಡರಿಗೆ ಇಳಿದಿತ್ತೇ ಎಂಬುದನ್ನು ಯಾರೂ ಹೇಳಲಾರರು. ಗುಜರಿಯ ಪಂಗಡಕ್ಕೆ ಇಷ್ಟು ಹೇಳಿದರೆ ಸಾಕೆಂದುಕೊಂಡಿದ್ದೇನೆ.

ಇನ್ನು 4.2 ಮತ್ತು 4.9ರ ವಿಷಯ. 4.2 ಹಳೆಯ ತಲೆಮಾರಿನದು. ಹೋಲಿಸಿ ನೋಡಲು ಬೇಕಾದ ಹೊರಗಿನ ಗಾಳಿಯನ್ನು ಅದು ತನ್ನ ಹಿಂಬದಿಯಿಂದ, ವೈರಿನ ಮಾರ್ಗವಾಗಿ ಪಡೆಯುತ್ತದೆ. ಅಲ್ಲಿಗೆ ಪೆಟ್ರೋಲಿನ ಆವಿಯೋ ತೇವವೋ ಸೇರಿದರೆ ಓದು ಸರಿದುಬಿಡುತ್ತದೆ. ಆದ್ದರಿಂದಲೇ ಅದನ್ನು ಆಗಾಗ್ಗೆ ತೆರೆದ ಗಾಳಿಯಲ್ಲಿಟ್ಟು ಕ್ಯಾಲಿಬ್ರೇಟ್ ಮಾಡುತ್ತಿರಬೇಕಾಗುತ್ತದೆ. 4.9ರಲ್ಲಿ ಹೋಲಿಕೆಗೆ ಬೇಕಾದ ಆಕ್ಸಿಜನ್ನನ್ನು ಒಳಗಡೆಯೇ ಪಂಪ್ ಮಾಡಿಕೊಳ್ಳುವ ವ್ಯವಸ್ಥೆಯಿರುವುದರಿಂದ ಆ ರಗಳೆ ಬಹಳಷ್ಟು ಕಡಿಮೆ. ಒಂದರ ಕಂಟ್ರೋಲರಿಗೆ ಇನ್ನೊಂದನ್ನು ಜೋಡಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ. ಕೋಶದ ಉಷ್ಣತೆಯನ್ನು ಕಂಟ್ರೋಲರ್ ತಿಳಿಯುವುದು ಅದರ ಒಳರೋಧದಿಂದ. 4.2ರಲ್ಲಿ ಅದು 750 ಡಿಗ್ರಿ ಸೆಲ್ಸಿಯಸ್‌ನಲ್ಲಿ 80 ಓಮ್, 4.9ರಲ್ಲಿ 780 ಡಿಗ್ರಿಯಲ್ಲಿ 300 ಓಮ್. ತಪ್ಪು ಜೋಡಿಯಾದರೆ ಸೆನ್ಸರನ್ನು ಬಿಸಿಮಾಡುವ ಹೀಟರನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಕಂಟ್ರೋಲರಿಗೆ ತಿಳಿಯುವುದಿಲ್ಲ. 4.2 ಸೆನ್ಸರ್ ಅಗ್ಗವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಈಗ ಹೊಸದಾಗಿ ಅದನ್ನು ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ಹೆಸರಿಲ್ಲದ ಎಲ್‌ಇಡಿ ಮೀಟರುಗಳ ಬಗ್ಗೆ ಒಂದು ಸರಳ ಪರೀಕ್ಷೆಯಿದೆ: ಚಿತ್ರದಲ್ಲಿ ಸೆನ್ಸರಿನ ವೈರುಗಳನ್ನು ಎಣಿಸಿರಿ. ಒಂದು ವೈರ್ ಅಥವಾ ನಾಲ್ಕು ವೈರ್ ಇದ್ದರೆ ಅದು ಬಹುತೇಕ ನ್ಯಾರೋಬ್ಯಾಂಡ್, ಮುಂದೆ ಎಷ್ಟು ಬಣ್ಣದ ದೀಪಗಳಿದ್ದರೂ ಅಷ್ಟೇ. ಅದು ನಿಜವಾಗಿ ವೈಡ್‌ಬ್ಯಾಂಡ್ ಆಗಿದ್ದರೂ ಜೊತೆಗೆ ಬರುವ ಸೆನ್ಸರ್ ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ನನ್ನ ಸಲಹೆ ಇಷ್ಟು. ಬೆಂಗಳೂರಿನವರು ಈಗಲೂ ಮೈಕೊ ಎಂದೇ ಕರೆಯುವ ಬಾಷ್‌ನ ಅಧಿಕೃತ ಬಿಡಿಭಾಗ ವಿತರಕರ ಬಳಿ, ಬಿಲ್ಲಿನ ಸಮೇತ, 0 258 017 025 ಸಂಖ್ಯೆಯ ಎಲ್‌ಎಸ್‌ಯು 4.9 ಸೆನ್ಸರನ್ನು ವಿಚಾರಿಸಿರಿ. ಮೀಟರ್ ನಿಮಗೆ ಬೇಕಾಗಿಯೇ ಇಲ್ಲ. ಚಾಲಕ ಟ್ರ್ಯಾಕಿನ ಮೇಲೆ ಅದನ್ನು ನೋಡುವುದಿಲ್ಲ, ನೀವು ನೋಡುವುದು ಲ್ಯಾಪ್‌ಟಾಪಿನ ಲಾಗನ್ನು. ಸ್ಪಾರ್ಟನ್ ಸಾಕು. ಬೆಸುಗೆ ಹಾಕುವ ಕೈ ಪಳಗಿದ್ದರೆ ರುಸ್‌ಇಎಫ್‌ಐ ಎಂಬ ಮುಕ್ತ ಇಸಿಯು ಯೋಜನೆಯ ಬಳಗದವರು ಮುಕ್ತವಾಗಿ ಹಂಚಿರುವ ಕಂಟ್ರೋಲರ್ ವಿನ್ಯಾಸವನ್ನೂ ನೋಡಬಹುದು. ವಿದ್ಯಾರ್ಥಿಗಳಾದ ನಿಮಗೆ ಅದರಿಂದ ಕಲಿಕೆಯೂ ಆಗುತ್ತದೆ. ಆದರೆ ಸ್ಪರ್ಧೆ ಹತ್ತಿರದಲ್ಲಿದ್ದರೆ ಕಲಿಕೆಗೆ ಬೇರೆ ಸಮಯ ಹುಡುಕಿಕೊಳ್ಳಿ.

ಉತ್ತರ: ಲ್ಯಾಂಬ್ಡಾ_ಮೈಸೂರು

ಸೆನ್ಸರಿನ ಬಗ್ಗೆ ಹಳೇಗ್ಯಾರೇಜು ಅವರು ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ಇ20 ಪೆಟ್ರೋಲಿನ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಮಾರಾಟಕ್ಕೆ ಚಾಲನೆ ದೊರೆತಂದಿನಿಂದ ಈ ಗೊಂದಲವನ್ನು ನಾನು ಎಲ್ಲ ಕಡೆಯೂ ನೋಡುತ್ತಿದ್ದೇನೆ.

ಎಥನಾಲ್ ಬೆರೆಯದ ಪೆಟ್ರೋಲ್ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಶುದ್ಧ ಎಥನಾಲ್ ತನ್ನಲ್ಲಿಯೇ ಆಕ್ಸಿಜನ್ ಹೊಂದಿರುವುದರಿಂದ ಅದಕ್ಕೆ ಸುಮಾರು 9 ಕಿಲೋ ಗಾಳಿ ಸಾಕು. ಗಾತ್ರದಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ: ಸೆನ್ಸರ್ ಎಂದಿಗೂ ಗಾಳಿ-ಇಂಧನದ ಅನುಪಾತವನ್ನು ಅಳೆಯುವುದಿಲ್ಲ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಎಷ್ಟು, ಅಥವಾ ಉರಿಯದೆ ಉಳಿದ ಇಂಧನಕ್ಕೆ ಕೊರತೆಯಾದ ಆಕ್ಸಿಜನ್ ಎಷ್ಟು ಎಂಬುದನ್ನಷ್ಟೇ ಅದು ಬಲ್ಲದು. ಅದರಿಂದ ಬರುವುದು ಲ್ಯಾಂಬ್ಡಾ. ಕಂಟ್ರೋಲರ್ ಆ ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ, ನಮಗೆ ಪರಿಚಿತವಾದ ಅಂಕಿಯಾಗಿ ತೋರಿಸುತ್ತದೆ. ಟ್ಯಾಂಕಿನಲ್ಲಿ ಯಾವ ಇಂಧನವಿದ್ದರೂ ಅದು ಗುಣಿಸುವುದು 14.7ರಿಂದಲೇ.

ಆದ್ದರಿಂದ ಇ20 ತುಂಬಿಸಿದ ಎಂಜಿನ್ ಸರಿಯಾಗಿ ಲ್ಯಾಂಬ್ಡಾ 1ರಲ್ಲಿ ಓಡುತ್ತಿದ್ದರೆ ನಿಜವಾದ ಅನುಪಾತ 13.5 ಆಗಿದ್ದರೂ ಮೀಟರಿನಲ್ಲಿ 14.7 ಎಂದೇ ಕಾಣುತ್ತದೆ. ಇದನ್ನು ತಿಳಿಯದೆ, ಇ20ಗೆ 13.5 ಸರಿಯಾದ ಅಂಕಿ ಎಂದು ಓದಿಕೊಂಡು ಮೀಟರಿನಲ್ಲಿ 13.5 ಬರುವಂತೆ ಮ್ಯಾಪ್ ತಿದ್ದಿದರೆ, ನೀವು ವಾಸ್ತವದಲ್ಲಿ ಲ್ಯಾಂಬ್ಡಾ 0.92ರಲ್ಲಿ, ಅಂದರೆ ಹಗುರ ಲೋಡಿನಲ್ಲಿಯೂ ಅನಾವಶ್ಯಕವಾಗಿ ರಿಚ್ ಆಗಿ ಓಡುತ್ತೀರಿ. ಪೂರ್ಣ ಥ್ರಾಟಲ್‌ನಲ್ಲಿ ಇದೇ ಗೊಂದಲ ಇನ್ನಷ್ಟು ದುಬಾರಿ. ಲ್ಯಾಂಬ್ಡಾ 0.87 ಬೇಕೆಂದುಕೊಳ್ಳಿ. ಇ20ಗೆ ಅದರ ನಿಜ ಅನುಪಾತ ಸುಮಾರು 11.75, ಮೀಟರಿನಲ್ಲಿ ಕಾಣಬೇಕಾದದ್ದು 12.8. ಮೀಟರಿನಲ್ಲಿಯೇ 11.75 ತರಲು ಹೊರಟರೆ ಲ್ಯಾಂಬ್ಡಾ 0.80ಕ್ಕೆ ಇಳಿದು, ಶಕ್ತಿ ಕುಸಿದು, ಪೆಟ್ರೋಲಿನ ಹನಿಗಳು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯಲು ಶುರುಮಾಡುತ್ತವೆ.

ಇದಕ್ಕೆ ಪರಿಹಾರವೆಂದರೆ 14.7, 13.5 ಎಂಬ ಅಂಕಿಗಳನ್ನು ತಂಡದ ಮಾತಿನಿಂದಲೇ ತೆಗೆದುಹಾಕುವುದು. ಟ್ಯೂನರ್‌ಸ್ಟುಡಿಯೊದಲ್ಲಿ ಗುರಿಯ ಕೋಷ್ಟಕವನ್ನೂ ಲಾಗನ್ನೂ ಲ್ಯಾಂಬ್ಡಾದಲ್ಲಿಯೇ ಇಟ್ಟುಕೊಳ್ಳಿ. ಅಭ್ಯಾಸಕ್ಕೆ ಒಂದು ಬಂಕಿನ ಪೆಟ್ರೋಲ್, ಸ್ಪರ್ಧೆಯಲ್ಲಿ ಆಯೋಜಕರು ಕೊಡುವ ಪೆಟ್ರೋಲ್ ಎಂದು ಇಂಧನ ಬದಲಾದರೂ ಗುರಿ ಬದಲಾಗುವುದಿಲ್ಲ. ಬದಲಾಗುವುದು ಇಂಜೆಕ್ಟರ್ ತೆರೆದಿರುವ ಸಮಯ ಮಾತ್ರ. ಎಥನಾಲ್ ಹೆಚ್ಚಿದಷ್ಟೂ ಅದೇ ಲ್ಯಾಂಬ್ಡಾಕ್ಕೆ ಹೆಚ್ಚು ಇಂಧನ ಬೇಕು. ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಮಾಡಿದ ಮ್ಯಾಪ್ ಹಾಗೆಯೇ ಇಟ್ಟು ಇ20 ಹಾಕಿದರೆ ಲೀನ್ ಕಡೆಗೆ ಶೇ 7ರಿಂದ 8ರಷ್ಟು ಸರಿಯುವುದನ್ನು ನಿಮ್ಮ ವೈಡ್‌ಬ್ಯಾಂಡ್ ತೋರಿಸಿಯೇ ತೋರಿಸುತ್ತದೆ.

ರೆಸ್ಟ್ರಿಕ್ಟರ್20

ಇಬ್ಬರಿಗೂ ಧನ್ಯವಾದಗಳು. ಎಲ್‌ಎಸ್‌ಯು 4.9 ಮತ್ತು ಮೀಟರಿಲ್ಲದ ಕಂಟ್ರೋಲರ್ ಎಂಬ ನಿರ್ಧಾರಕ್ಕೆ ತಂಡ ಹೆಚ್ಚುಕಡಿಮೆ ಬಂದಿದೆ. ಗುಜರಿಯ ಪಕ್ಷದವರು ಕನೆಕ್ಟರಿನ ವಿಷಯ ಓದಿ ಸುಮ್ಮನಾಗಿದ್ದಾರೆ. ಈಗ ಮೂರು ಅನುಮಾನಗಳು ಉಳಿದಿವೆ. ನಮ್ಮ ಎಕ್ಸಾಸ್ಟ್ ಪೈಪ್ ಚಿಕ್ಕದು, ಎಂಜಿನ್ನಿನಿಂದ ಹೊರಟು ಪಕ್ಕದಲ್ಲಿಯೇ ಸೈಲೆನ್ಸರಿಗೆ ಸೇರುತ್ತದೆ. ಸೆನ್ಸರನ್ನು ತಿರುಗಿಸಿ ಕೂರಿಸುವ ಬಂಗ್ ಎಲ್ಲಿ ವೆಲ್ಡ್ ಮಾಡಿಸಬೇಕು? ಕಂಟ್ರೋಲರಿನ 0–5 ವೋಲ್ಟ್ ಔಟ್‌ಪುಟ್ಟನ್ನು ಸ್ಪೀಡುಯಿನೊಗೆ ಕೊಡುವಾಗ ಏನನ್ನು ಗಮನಿಸಬೇಕು? ಇನ್ನೊಂದು, ನಮ್ಮ ಜೊತೆಗಾರನೊಬ್ಬ ಎಮಿಷನ್ ಟೆಸ್ಟ್ ಕೇಂದ್ರದ ಗ್ಯಾಸ್ ಅನಲೈಸರಿನ ಎದುರು ನಮ್ಮ ಓದನ್ನು ಹೋಲಿಸಿ ನೋಡೋಣ ಎನ್ನುತ್ತಿದ್ದಾನೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ: ಸರ್ಕೀಟು

ನಿಮ್ಮ ಮೂರೂ ಪ್ರಶ್ನೆಗಳು ಸೆನ್ಸರಿನ ಬ್ರ್ಯಾಂಡಿಗಿಂತ ಮುಖ್ಯವಾದವು. ದುಬಾರಿ ಕಿಟ್ಟನ್ನು ತಪ್ಪು ಜಾಗದಲ್ಲಿ ಕೂರಿಸಿದವರ ಲಾಗಿಗಿಂತ ಅಗ್ಗದ ಕಂಟ್ರೋಲರನ್ನು ಸರಿಯಾಗಿ ಕೂರಿಸಿದವರ ಲಾಗ್ ನಂಬಿಕೆಗೆ ಅರ್ಹವಾಗಿರುತ್ತದೆ.

ಮೊದಲು ಜಾಗ. ಎಕ್ಸಾಸ್ಟ್ ಪೋರ್ಟಿನಿಂದ ಕನಿಷ್ಠ 45 ಸೆಂ.ಮೀ. ದೂರವಿರಲಿ, ಏಕೆಂದರೆ ಹೊಗೆಯ ಉಷ್ಣತೆ 930 ಡಿಗ್ರಿಯನ್ನೂ ಸೆನ್ಸರಿನ ಷಟ್ಕೋನ ಭಾಗದ ಉಷ್ಣತೆ 600 ಡಿಗ್ರಿಯನ್ನೂ ದಾಟಬಾರದು. ಹಾಗೆಂದು ಪೈಪಿನ ತುದಿಗೆ ತೀರ ಹತ್ತಿರ ಹೋದರೆ ಒಂಟಿ ಸಿಲಿಂಡರಿನಲ್ಲಿ ಇನ್ನೊಂದು ತೊಂದರೆ ಎದುರಾಗುತ್ತದೆ. 1,500 ಆರ್‌ಪಿಎಂ ಐಡಲ್‌ನಲ್ಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ ಮಾತ್ರ ಹೊಗೆ ಹೊರಬರುತ್ತದೆ. ಎರಡು ಹೊಡೆತಗಳ ನಡುವೆ ಪೈಪಿನೊಳಗಿನ ಒತ್ತಡ ಕುಸಿದು ಹೊರಗಿನ ಗಾಳಿ ಹಿಮ್ಮುಖವಾಗಿ ನುಗ್ಗುತ್ತದೆ, ಸೆನ್ಸರ್ ಅದನ್ನು ಲೀನ್ ಮಿಶ್ರಣವೆಂದು ಓದುತ್ತದೆ. ನಿಮ್ಮ ಪೈಪ್ ಚಿಕ್ಕದಾಗಿರುವುದರಿಂದ ಸೈಲೆನ್ಸರಿಗೆ ಮುಂಚೆ, ಪೋರ್ಟಿನಿಂದ 45 ಸೆಂ.ಮೀ. ದಾಟಿದ ಕೂಡಲೇ ಬಂಗ್ ಇಡುವುದು ಒಳ್ಳೆಯದು. ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನ್ ಮಾಡುವಾಗ ಸೈಲೆನ್ಸರಿನ ತುದಿಗೆ ತಾತ್ಕಾಲಿಕವಾಗಿ ಉದ್ದದ ಪೈಪನ್ನು ಜೋಡಿಸಿಕೊಳ್ಳಿ. ಇಷ್ಟು ಮಾಡಿದರೂ ಐಡಲ್‌ನ ಓದನ್ನು ಪೂರ್ತಿ ನಂಬದೆ, ಎಂಜಿನ್ ಯಾವ ಮಿಶ್ರಣದಲ್ಲಿ ನಿರಾಯಾಸವಾಗಿ ನಿಲ್ಲುತ್ತದೆ ಎಂಬುದನ್ನು ಕಿವಿಯಿಂದ ಕೇಳಿಯೇ ನಿರ್ಧರಿಸಿರಿ.

ಸೆನ್ಸರ್ ನೆಲಕ್ಕೆ ಸಮಾನಾಂತರವಾಗಿಯೂ ಇರಬಾರದು, ಕೆಳಮುಖವಾಗಿಯಂತೂ ಕೂಡದು. ಅಡ್ಡರೇಖೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕಿರಲಿ. ತಣ್ಣಗಿನ ಪೈಪಿನಲ್ಲಿ ಹೊಗೆಯ ನೀರಾವಿ ಹನಿಗಟ್ಟುತ್ತದೆ, ಆ ಹನಿ ಕಾದ ಸೆರಾಮಿಕ್ಕಿಗೆ ತಾಗಿದರೆ ಸೀಳು ಬಿಡುತ್ತದೆ. ಬಂಗಿನ ಮರೆ (ಥ್ರೆಡ್) ಎಂ18×1.5. ಲೇತ್ ಅಂಗಡಿಯಲ್ಲಿ ಸ್ಟೀಲಿನ ಬಂಗ್ ಮಾಡಿಸಿಕೊಂಡರೆ ಸಾಕು, ಆದರೆ ವೆಲ್ಡಿಂಗ್ ಆಗುವಾಗ ಸೆನ್ಸರನ್ನು ಅದರಲ್ಲಿ ಬಿಡಬೇಡಿ, ಹಳೆಯ ಬೋಲ್ಟೊಂದನ್ನು ತಿರುಗಿಸಿಟ್ಟರೆ ಮರೆ ಸೊಟ್ಟಗಾಗುವುದಿಲ್ಲ. ಸೆನ್ಸರಿಗೆ ಮುಂಚೆ ಪೋರ್ಟಿನ ಗ್ಯಾಸ್ಕೆಟ್ಟಿನಲ್ಲಾಗಲಿ ಪೈಪಿನ ಜಾಯಿಂಟಿನಲ್ಲಾಗಲಿ ಸಣ್ಣ ಸೋರಿಕೆಯಿದ್ದರೂ ಅಲ್ಲಿಂದ ಗಾಳಿ ಒಳಸೇರಿ ಓದು ಲೀನ್ ಕಡೆಗೆ ವಾಲುತ್ತದೆ. ಆ ಓದನ್ನು ನಂಬಿ ಪೆಟ್ರೋಲ್ ಹೆಚ್ಚಿಸುತ್ತ ಹೋದವರು ಕೊನೆಗೆ ಕಪ್ಪು ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮಿಸ್‌ಫೈರ್ ಆದಾಗಲೂ ಇದೇ ಕಥೆ: ರಿಚ್ ಆಗಿ ಪ್ಲಗ್ ನೆನೆದು ಉರಿಯುವಿಕೆ ತಪ್ಪಿದರೆ ಬಳಕೆಯಾಗದ ಆಕ್ಸಿಜನ್ ಹಾಗೆಯೇ ಹೊರಬರುವುದರಿಂದ ಸೆನ್ಸರ್ ಲೀನ್ ಎನ್ನುತ್ತದೆ.

ಇನ್ನು ವೈರಿಂಗ್. ಸ್ಪಾರ್ಟನ್‌ನ ಔಟ್‌ಪುಟ್ಟಿನಲ್ಲಿ 0 ವೋಲ್ಟ್ ಎಂದರೆ ಲ್ಯಾಂಬ್ಡಾ 0.68, 5 ವೋಲ್ಟ್ ಎಂದರೆ 1.36. ಟ್ಯೂನರ್‌ಸ್ಟುಡಿಯೊದಲ್ಲಿ ಈ ಎರಡು ಬಿಂದುಗಳನ್ನೇ ಕೊಡಬೇಕು. ಎಇಎಂನ ಎಕ್ಸ್ ಸರಣಿಯ ಮೀಟರ್ ಕೊಂಡಿದ್ದರೆ 0.5 ವೋಲ್ಟಿಗೆ ಗಾಳಿ-ಇಂಧನ ಅನುಪಾತ 8.5, 4.5 ವೋಲ್ಟಿಗೆ 18 ಎಂಬ ಬೇರೆಯದೇ ಗೆರೆ ಬರುತ್ತಿತ್ತು. ಆದ್ದರಿಂದ ಯಾರದೋ ಫೈಲನ್ನು ಹಾಗೆಯೇ ನಕಲು ಮಾಡಿಕೊಳ್ಳಬೇಡಿ. ಹೀಟರ್ ಬಿಸಿಯಾಗುವಾಗ ಆಂಪಿಯರುಗಟ್ಟಲೆ ಕರೆಂಟ್ ಎಳೆಯುತ್ತದೆ. ಹೀಟರಿನ ಅರ್ತ್ ಮತ್ತು ಸಿಗ್ನಲಿನ ಅರ್ತ್ ಒಂದೇ ತೆಳು ವೈರಿನಲ್ಲಿ ಹೋದರೆ ಆ ವೈರಿನಲ್ಲಿ ಬೀಳುವ ವೋಲ್ಟೇಜ್ ನೇರವಾಗಿ ನಿಮ್ಮ ಓದಿಗೆ ಸೇರಿಕೊಳ್ಳುತ್ತದೆ. ಬರೀ 0.2 ವೋಲ್ಟ್ ವ್ಯತ್ಯಾಸವಾದರೂ ಲ್ಯಾಂಬ್ಡಾ 0.027ರಷ್ಟು ಸರಿಯುತ್ತದೆ. 14.7ರ ಅನುಪಾತದ ಅಳತೆಯಲ್ಲಿ ಅದು 0.4, ಅಂದರೆ ನೀವು ಡೈನೊ ಮೇಲೆ ಹುಡುಕುತ್ತಿರುವ ವ್ಯತ್ಯಾಸದಷ್ಟೇ ದೊಡ್ಡದು. ಹೀಟರಿನ ಅರ್ತನ್ನು ಎಂಜಿನ್ ಬ್ಲಾಕಿಗೋ ಬ್ಯಾಟರಿಗೋ, ಸಿಗ್ನಲಿನ ಅರ್ತನ್ನು ಸ್ಪೀಡುಯಿನೊದ ಸೆನ್ಸರ್ ಗ್ರೌಂಡಿಗೇ ಕೊಡಿರಿ. ಎಂಜಿನ್ ಓಡುತ್ತಿರುವಾಗ ಕಂಟ್ರೋಲರಿನ ಔಟ್‌ಪುಟ್ ತುದಿಯಲ್ಲೊಮ್ಮೆ, ಸ್ಪೀಡುಯಿನೊದ ಪಿನ್ನಿನಲ್ಲೊಮ್ಮೆ, ಎರಡೂ ಕಡೆ ಅಲ್ಲಲ್ಲಿನ ಸಿಗ್ನಲ್ ಅರ್ತಿಗೆ ಮಲ್ಟಿಮೀಟರಿನ ಕಪ್ಪು ಮುಳ್ಳು ಹಿಡಿದು ಅಳೆಯಿರಿ. ಎರಡೂ ಒಂದೇ ಇದ್ದರೆ ಮುಂದಿನ ಕೆಲಸಕ್ಕೆ ಹೋಗಬಹುದು.

ಹೀಟರಿಗೆ ಕರೆಂಟನ್ನು ಫ್ಯೂಯಲ್ ಪಂಪ್ ರಿಲೇಯಿಂದ ತೆಗೆದುಕೊಳ್ಳುವುದು ನನ್ನ ರೂಢಿ. ಇಗ್ನಿಷನ್ ಹಾಕಿ ಅರ್ಧ ಗಂಟೆ ಲ್ಯಾಪ್‌ಟಾಪ್ ನೋಡುತ್ತ ಕೂತರೆ ತಣ್ಣಗಿನ ಪೈಪಿನಲ್ಲಿ ಸೆನ್ಸರ್ ಸುಮ್ಮನೆ ಬಿಸಿಯಾಗುತ್ತಿದ್ದು, ಸ್ಟಾರ್ಟ್ ಮಾಡಿದ ಕ್ಷಣ ಬರುವ ನೀರಿನ ಹನಿಗೆ ಸಿಕ್ಕಿಬೀಳುತ್ತದೆ. ಅದಕ್ಕೆ ವಿರುದ್ಧವಾಗಿ ಕರೆಂಟ್ ಕೊಡದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಎಂಜಿನ್ ಓಡಿಸಿದರೆ ಮಸಿ ಕೂತು ಹಾಳಾಗುತ್ತದೆ. ಟ್ಯೂನಿಂಗ್ ಮುಗಿದ ಮೇಲೆ ಕಂಟ್ರೋಲರ್ ತೆಗೆಯುವುದಾದರೆ ಸೆನ್ಸರನ್ನೂ ತೆಗೆದು ಬಂಗಿಗೆ ಬಿರಟೆ ಹಾಕಿರಿ.

ಎಮಿಷನ್ ಟೆಸ್ಟ್ ಕೇಂದ್ರದ ಉಪಾಯ ತಳ್ಳಿಹಾಕುವಂಥದ್ದಲ್ಲ. ಬಿಎಸ್4 ಮತ್ತು ನಂತರದ ಪೆಟ್ರೋಲ್ ಕಾರುಗಳನ್ನು ಹೈ ಐಡಲ್‌ನಲ್ಲಿ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇದೆಯೇ ಎಂದು ನೋಡಬೇಕಾದ್ದರಿಂದ ಅವರ ಬಳಿ ನಾಲ್ಕು ಅನಿಲಗಳ ಅನಲೈಸರ್ ಇರುತ್ತದೆ. ಆದರೆ ಅದು ಅನಿಲಗಳ ಪ್ರಮಾಣದಿಂದ ಸೂತ್ರ ಹಾಕಿ ಲ್ಯಾಂಬ್ಡಾ ಲೆಕ್ಕ ಮಾಡುತ್ತದೆ, ಅದರ ನಳಿಗೆಯನ್ನು ತೂರಿಸುವುದು ಸೈಲೆನ್ಸರಿನ ತುದಿಯಲ್ಲಿ. ನಿಮ್ಮ ಒಂಟಿ ಸಿಲಿಂಡರಿನ ಚಿಕ್ಕ ಪೈಪಿನಲ್ಲಿ ಹಿಮ್ಮುಖ ಗಾಳಿ ಹೆಚ್ಚಾಗಿ ಸೇರುವುದೇ ಅಲ್ಲಿ. ಅದಕ್ಕಿಂತ ಸುಲಭದ ದಾರಿಯೆಂದರೆ ಸೆನ್ಸರನ್ನು ಬಿಚ್ಚಿ, ಪೆಟ್ರೋಲಿನ ವಾಸನೆಯಿಲ್ಲದ ಬಯಲಿನಲ್ಲಿ ಹಿಡಿದು, ಶೇ 20.9 ಆಕ್ಸಿಜನ್ ಇರುವ ಗಾಳಿಯನ್ನು ಅದು ಹೇಗೆ ಓದುತ್ತದೆ ಎಂದು ನೋಡುವುದು. ಆಕ್ಸಿಜನ್ ಪ್ರಮಾಣವನ್ನೋ ಪಂಪ್ ಕರೆಂಟನ್ನೋ ತೋರಿಸುವ ಕಂಟ್ರೋಲರ್ ಆದರೆ ಸೆನ್ಸರ್ ಮುದಿಯಾಗುತ್ತಿರುವುದು ಅಲ್ಲಿಯೇ ಗೊತ್ತಾಗುತ್ತದೆ.

ಉತ್ತರ: ಡೈನೊ_ಪಕ್ಕದಮನೆ

ಮೇಲಿನ ಮಾತುಗಳಿಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ನಿಮ್ಮದು ಕಾಲೇಜು ತಂಡ, ವರ್ಷಕ್ಕೆ ಕೆಲವೇ ವಾರ ಟ್ಯೂನಿಂಗ್ ಮಾಡುತ್ತೀರಿ. ಹಾಗಿರುವಾಗ ಒಂದು ತಂಡಕ್ಕೊಂದು ಕಂಟ್ರೋಲರ್ ಏಕೆ? ಅಕ್ಕಪಕ್ಕದ ಕಾಲೇಜಿನ ತಂಡದ ಜೊತೆ ಮಾತಾಡಿ ಕಂಟ್ರೋಲರನ್ನು ಹಂಚಿಕೊಳ್ಳಿ, ಸೆನ್ಸರನ್ನು ಮಾತ್ರ ತಮ್ಮ ತಮ್ಮದಾಗಿ ಇಟ್ಟುಕೊಳ್ಳಿ. ಟ್ರಿಮ್ ರೆಸಿಸ್ಟರ್ ಸೆನ್ಸರಿನ ಕನೆಕ್ಟರಿನಲ್ಲಿಯೇ ಇರುವುದರಿಂದ ಒಂದೇ ಕಂಟ್ರೋಲರಿಗೆ ಬೇರೆ ಬೇರೆ 4.9 ಸೆನ್ಸರುಗಳನ್ನು ಜೋಡಿಸಲು ಅಡ್ಡಿಯಿಲ್ಲ. ಉಳಿದ ಹಣದಲ್ಲಿ ಎರಡನೆಯ ಸೆನ್ಸರ್ ತೆಗೆದಿಡಿ. ಟ್ಯೂನಿಂಗ್ ನಡುವೆ ಸೆನ್ಸರ್ ಕೈಕೊಟ್ಟರೆ ಡೈನೊದ ಬಾಡಿಗೆಯೇ ಸೆನ್ಸರಿಗಿಂತ ಹೆಚ್ಚಾಗುತ್ತದೆ.

ಇನ್ನೊಂದು, ಸ್ಪೀಡುಯಿನೊದಲ್ಲಿ ವೈಡ್‌ಬ್ಯಾಂಡ್ ನೋಡಿ ತಾನೇ ತಿದ್ದಿಕೊಳ್ಳುವ ಸೌಲಭ್ಯವಿದೆಯೆಂದು ಅದಕ್ಕೆ ಅಧಿಕಾರ ಜಾಸ್ತಿ ಕೊಡಬೇಡಿ. ಸ್ಪರ್ಧೆಯ ದಿನ ಸೆನ್ಸರಿನ ವೈರ್ ಅಲುಗಾಡಿ ಸುಳ್ಳು ಲೀನ್ ತೋರಿಸಿದರೆ ಇಸಿಯು ಅದನ್ನೇ ನಂಬಿ ಪೆಟ್ರೋಲ್ ಸುರಿಯುತ್ತದೆ. ಎರಡೂ ಕಡೆ ಶೇ 5ಕ್ಕೆ ಮಿತಿ ಹಾಕಿರಿ, ಅಥವಾ ಪೂರ್ತಿ ನಿಲ್ಲಿಸಿಬಿಡಿ. ಚೆನ್ನಾಗಿ ಮಾಡಿದ ಮ್ಯಾಪಿಗೆ ಟ್ರ್ಯಾಕಿನ ಮೇಲೆ ಸೆನ್ಸರಿನ ಆಸರೆ ಬೇಕಾಗುವುದಿಲ್ಲ.

ರೆಸ್ಟ್ರಿಕ್ಟರ್20

ಹಂಚಿಕೊಳ್ಳುವ ವಿಷಯ ನಮಗೆ ಹೊಳೆದೇ ಇರಲಿಲ್ಲ. ನೆರೆಯ ಕಾಲೇಜಿನವರ ಬಳಿ ಸ್ಪಾರ್ಟನ್ ಇದೆಯೆಂದು ಈಗ ತಿಳಿಯಿತು, ಅವರಿಗೆ ನಮ್ಮ ಡೈನೊ ಸ್ಲಾಟಿನಲ್ಲಿ ಪಾಲು ಕೊಟ್ಟರೆ ಕೊಡುತ್ತಾರಂತೆ. ಸೆನ್ಸರ್ ಎರಡನ್ನೂ ವಿತರಕರ ಬಳಿ ವಿಚಾರಿಸುತ್ತಿದ್ದೇವೆ. ಎಕ್ಸಾಸ್ಟ್ ಜಾಯಿಂಟಿನ ಸೋರಿಕೆ ನಿಲ್ಲಿಸಲು ನಮ್ಮಲ್ಲಿರುವ ಕೆಂಪು ಸಿಲಿಕೋನ್ ಪೇಸ್ಟ್ ಹಚ್ಚಬಹುದೇ?

ಸರ್ಕೀಟು

ಸೆನ್ಸರಿಗೆ ಮುಂಚಿನ ಯಾವ ಜಾಯಿಂಟಿಗೂ ಬೇಡ. ಸಾಮಾನ್ಯ ಸಿಲಿಕೋನ್ ಕಾದಾಗ ಹೊರಬರುವ ಆವಿ ಸೆನ್ಸರಿನ ಮೇಲೆ ಸಿಲಿಕಾ ಪೊರೆಯಾಗಿ ಕೂರುತ್ತದೆ, ಆಮೇಲೆ ಅದನ್ನು ತೆಗೆಯುವ ಉಪಾಯವಿಲ್ಲ. ಪೇಸ್ಟಿನ ಟ್ಯೂಬಿನ ಮೇಲೆ ಆಕ್ಸಿಜನ್ ಸೆನ್ಸರಿಗೆ ಸುರಕ್ಷಿತವೆಂದು ಮುದ್ರಿಸಿದ್ದರೂ ನಾನಾದರೆ ಹೊಸ ಲೋಹದ ಗ್ಯಾಸ್ಕೆಟ್ ಹಾಕಿ, ಫ್ಲ್ಯಾಂಜ್ ಸೊಟ್ಟಗಿದ್ದರೆ ಗಾಜಿನ ಮೇಲೆ ಎಮರಿ ಕಾಗದವಿಟ್ಟು ಉಜ್ಜಿ ಸಮ ಮಾಡುತ್ತೇನೆ.